ಎಂಬತ್ತು ಟೆಸ್ಟಿನ ಪ್ಯಾಕೇಜು, ಸೊಂಟ ಅಳೆಯೋ ಟೇಪು ಮಾತ್ರ ಇಲ್ಲ

ಬೆಳಿಗ್ಗೆ ಆರೂವರೆಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿ, ಸಂಜೆಯೊಳಗೆ ವಾಟ್ಸಾಪಿಗೆ ಇಪ್ಪತ್ತು ಪುಟದ ರಿಪೋರ್ಟ್ ಕಳಿಸುವ 'ಫುಲ್ ಬಾಡಿ ಚೆಕಪ್' ಪ್ಯಾಕೇಜುಗಳ ಹೆಸರು ಬೇರೆ ಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಲ್ಲಿ ಯಾವ ಕಂಪನಿಯ ಹೆಸರೂ ಇಲ್ಲ, ವಿಮರ್ಶೆ ಆ ಸರಕಿನದು. ಅದೂ ಒಂದು ಗುಂಪಿನವರಿಗಾಗಿ: ಹುಟ್ಟುವಾಗ ಎರಡೂವರೆ ಕೆಜಿಗಿಂತ ಕಡಿಮೆ ತೂಗಿದವರು, ಇಲ್ಲವೇ ಚಿಕ್ಕಂದಿನಲ್ಲಿ ಅರೆಹೊಟ್ಟೆಯಲ್ಲಿ ಬೆಳೆದು ಈಗ ಕೂತು ಮಾಡುವ ಕೆಲಸ, ಬೇಕರಿ ತಿಂಡಿ, ಎರಡು ಹೊತ್ತು ಬಿಳಿ ಅನ್ನಕ್ಕೆ ಬಂದು ನಿಂತವರು.

ಮೊದಲು ಆ ಎಂಬತ್ತರ ಲೆಕ್ಕ. ರಕ್ತಕಣ ಎಣಿಸುವ ಸಿಬಿಸಿ ಅನ್ನೋ ಒಂದೇ ಟೆಸ್ಟು ಇಪ್ಪತ್ತಕ್ಕೂ ಹೆಚ್ಚು ಸಾಲು ಕೊಡುತ್ತದೆ. ಲಿವರ್ ಹತ್ತು ಹನ್ನೊಂದು ಸಾಲು, ಕೊಲೆಸ್ಟ್ರಾಲ್ ಎಂಟು. ಅದರಲ್ಲೂ ಕೆಲವು ಬರೀ ಭಾಗಾಕಾರ: ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿ ಹೊಸ ಟೆಸ್ಟು ಅಂತ ಹೆಸರಿಟ್ಟಿರುತ್ತಾರೆ. ಇದು ಮೋಸವೇನಲ್ಲ, ಆದರೆ ಸಾಲು ಎಣಿಸಿ ಪ್ಯಾಕೇಜು ಆರಿಸಬೇಡಿ.

ಈ ಗುಂಪಿಗೆ ಬೇರೆಯದೇ ಅಳತೆಗೋಲು ಯಾಕೆ ಬೇಕು ಅನ್ನೋದಕ್ಕೆ ಪುರಾವೆ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟುಕೊಂಡು ಬಂದಿತ್ತು. ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11, ಮೂರು ಕೆಜಿ ನೂರು ಗ್ರಾಂ ದಾಟಿದವರಲ್ಲಿ ಶೇ. 3. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಅದೇ ದಾಖಲೆಗಳು ಸ್ವಲ್ಪ ಬೇರೆ ಮಾತು ಹೇಳಿದವು. ಅಲ್ಲಿ ಕಂಡದ್ದು ಉದ್ದ ಕಡಿಮೆ, ಉದ್ದಕ್ಕೆ ಮೀರಿ ದಪ್ಪ ಇದ್ದ ಕೂಸುಗಳು. ಅವರ ತಾಯಂದಿರೂ ತೂಕದವರು. ತಾಯಿಯ ಶುಗರ್ ಏರಿ ಕೂಸು ದಪ್ಪವಾಗಿರಬಹುದು ಅನ್ನೋದು ಸಂಶೋಧಕರ ಊಹೆ. ಅಂದರೆ ಬಸುರಿಯಲ್ಲಿ ತಾಯಿಗೆ ಶುಗರ್ ಇದ್ದವರೂ ಈ ವಿಮರ್ಶೆಯನ್ನು ತಮಗೇ ಅಂದುಕೊಂಡು ಓದಬಹುದು.

ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ 1993ರಲ್ಲಿ ಶುರುವಾದ ಅಧ್ಯಯನ ಇನ್ನೊಂದು ತುದಿಯಿಂದ ಇದನ್ನು ಬಿಡಿಸಿತು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ನಿನವು 3.5. ಸ್ನಾಯು, ಹೊಟ್ಟೆಯೊಳಗಿನ ಅಂಗಗಳು ಎಲ್ಲ ಸಣ್ಣವು. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ಗರ್ಭದಲ್ಲಿ ಪೋಷಣೆ ಸಾಲದಾಗ ದೇಹ ಮಿದುಳನ್ನು ಉಳಿಸಿಕೊಂಡು ಸ್ನಾಯು, ಮೂತ್ರಪಿಂಡ, ಮೇದೋಜೀರಕದ ಲೆಕ್ಕದಲ್ಲಿ ಕೈ ಬಿಗಿ ಹಿಡಿಯುತ್ತದೆ. ಆ ಅಧ್ಯಯನ ನಡೆಸಿದ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಅಳತೆ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 22.3. ದೇಹದ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2.

ಈಗ ಪ್ಯಾಕೇಜಿಗೆ ಬನ್ನಿ. 165 ಸೆಂ.ಮೀ. ಎತ್ತರ, 62 ಕೆಜಿ ತೂಕದ ಒಬ್ಬ ಗಂಡಸಿನ ರಿಪೋರ್ಟ್ ಹೀಗಿದೆ ಅಂತ ಇಟ್ಟುಕೊಳ್ಳಿ: ಬಿಎಂಐ 22.8, ಖಾಲಿ ಹೊಟ್ಟೆಯ ಸಕ್ಕರೆ 96, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 5.6, ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 178, 'ಒಳ್ಳೆಯ ಕೊಲೆಸ್ಟ್ರಾಲ್' ಎಚ್‌ಡಿಎಲ್ 36. ಮೊದಲ ಮೂರೂ ಹಸಿರು. ಕೊನೆಯ ಎರಡು ಕೆಂಪು, ಅದಕ್ಕೆ 'ಎಣ್ಣೆ ಕಡಿಮೆ ಮಾಡಿ' ಅಂತ ಒಂದು ಸಾಲು. ಅದೇ ಮನುಷ್ಯನ ಸೊಂಟ 93 ಸೆಂ.ಮೀ. ಅನ್ನೋದು ರಿಪೋರ್ಟಿಗೆ ಗೊತ್ತೇ ಇಲ್ಲ. ಭಾರತೀಯರಿಗೆ ಮಿತಿ ಗಂಡಸರಲ್ಲಿ 90, ಹೆಂಗಸರಲ್ಲಿ 80. ಬಿಎಂಐ 25ರವರೆಗೆ ಹಸಿರು ಬಳಿಯುವುದೂ ತಪ್ಪೇ, ನಮಗೆ 23ಕ್ಕೇ ಎಚ್ಚರಿಕೆ. ಈ ರಿಪೋರ್ಟಿನಲ್ಲಿ ಕಾಣುತ್ತಿರುವುದು ಸಣ್ಣ ಸ್ನಾಯು, ಹೊಟ್ಟೆಯ ಕೊಬ್ಬು, ಹಿಟ್ಟು-ಸಕ್ಕರೆ ಜಾಸ್ತಿಯ ಊಟ. ಎಣ್ಣೆ ಆಮೇಲಿನ ಮಾತು.

ಟೇಪಿಗೆ ಖರ್ಚಿಲ್ಲ, ಆದರೆ ಎಲ್ಲಿ ಹಿಡಿಯಬೇಕು ಅನ್ನೋದರಲ್ಲೇ ಎಡವಟ್ಟು. ಪ್ಯಾಂಟ್ ಸೈಜು ಲೆಕ್ಕಕ್ಕಿಲ್ಲ, ಅದು ಹೊಟ್ಟೆಯ ಕೆಳಗೆ ಕೂರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪು ನೆಲಕ್ಕೆ ಸಮವಾಗಿ ಬರಬೇಕು. ಬಟ್ಟೆ ಸರಿಸಿ, ಉಸಿರು ಸಹಜವಾಗಿ ಬಿಟ್ಟ ಕೊನೆಯಲ್ಲಿ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನೀವೇ.

ರಕ್ತ ತೆಗೆಯುವ ಹುಡುಗರ ಕೈ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕೆಡುವುದು ಆಮೇಲೆ. ಸಕ್ಕರೆಗೆ ಬೂದು ಮುಚ್ಚಳದ ಟ್ಯೂಬ್ ಬೇಕು, ಅದರಲ್ಲಿ ಫ್ಲೋರೈಡ್ ಇರುತ್ತದೆ. ಕೆಲವು ಕಡೆ ಹಳದಿ ಮುಚ್ಚಳದ ಜೆಲ್ ಟ್ಯೂಬಿನಲ್ಲೇ ಎಲ್ಲ ಮುಗಿಸಿಬಿಡುತ್ತಾರೆ. ಟ್ಯೂಬಿನೊಳಗೆ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. ಬ್ಯಾಗು ಇನ್ನೂ ನಾಲ್ಕು ಮನೆ ಸುತ್ತಿ ಎರಡು ಗಂಟೆ ತಡವಾಗಿ ಲ್ಯಾಬು ಸೇರಿದರೆ 104 ಇದ್ದದ್ದು 92 ಆಗಿ ಹಸಿರಾಗುತ್ತದೆ. ಫ್ಲೋರೈಡ್ ಕೂಡ ಪೂರ್ತಿ ಹಿಡಿತಕ್ಕೆ ತರಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ. ಹಾಗಾಗಿ ಗಡಿಯಲ್ಲಿರುವವರು ಲ್ಯಾಬಿಗೇ ಹೋಗಿ ಕೊಡುವುದು ಒಳ್ಳೆಯದು.

ಎಚ್‌ಬಿಎ1ಸಿಗೆ ಈ ತೊಂದರೆ ಇಲ್ಲ, ಬೇರೆಯದಿದೆ. ಕಬ್ಬಿಣದ ಕೊರತೆ ಇದ್ದರೆ ಅದು ಸುಳ್ಳೇ ಮೇಲೇರುತ್ತದೆ. ರಕ್ತಕಣ ಬೇಗ ಒಡೆಯುವ ಕಾಯಿಲೆಗಳಲ್ಲಿ ಸುಳ್ಳೇ ಇಳಿಯುತ್ತದೆ. ಹಿಮೋಗ್ಲೋಬಿನ್ 9 ಇರುವ ಹೆಂಗಸಿಗೆ 5.9 ಬಂದರೆ 'ಪ್ರೀ ಡಯಾಬಿಟಿಸ್' ಅಂತ ಕೆಂಪು ಮುದ್ರೆ ಒತ್ತುವ ಮುಂಚೆ ಎರಡು ಪುಟ ಹಿಂದಿನ ಸಿಬಿಸಿ ನೋಡಬೇಕಿತ್ತು. ರಿಪೋರ್ಟ್ ತಯಾರಿಸುವ ಸಾಫ್ಟ್‌ವೇರ್ ಅಷ್ಟು ಹಿಂದೆ ತಿರುಗಿ ನೋಡುವುದಿಲ್ಲ.

ದೊಡ್ಡ ಕೊರತೆ ಅಂದರೆ ಎರಡು ಗಂಟೆಯ ಗ್ಲೂಕೋಸ್ ಟೆಸ್ಟು, ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಗೆ ಸಕ್ಕರೆ ನೋಡುವುದು, ಇಲ್ಲದಿರುವುದು. ಊಟದ ನಂತರದ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳಬೇಕಾದದ್ದು ಸ್ನಾಯು. ಅದೇ ಸಣ್ಣದಿದ್ದರೆ ಖಾಲಿ ಹೊಟ್ಟೆಯ ಸಂಖ್ಯೆ ವರ್ಷಗಟ್ಟಲೆ ಸಾಧುವಾಗಿದ್ದು ಊಟದ ನಂತರದ್ದು ಮಾತ್ರ ಹಾರಬಹುದು. ಮನೆಗೆ ಬಂದವರು ಎರಡು ಗಂಟೆ ಕಾದು ಕೂರಲಾರರು, ಅದಕ್ಕೇ ಪ್ಯಾಕೇಜಿನಲ್ಲಿ ಇದು ಇರುವುದಿಲ್ಲ. ಲ್ಯಾಬಿಗೆ ಹೋಗಿ ಮಾಡಿಸಿ. ಹಿಂದಿನ ಮೂರು ದಿನ ಎಂದಿನಂತೆ ಉಣ್ಣಿ, ದಿನಕ್ಕೆ 150 ಗ್ರಾಮಿಗೆ ಕಡಿಮೆಯಾಗದಷ್ಟು ಪಿಷ್ಟ ಹೊಟ್ಟೆಗೆ ಹೋಗಿರಬೇಕು. ಟೆಸ್ಟು ಇದೆ ಅಂತ ವಾರದಿಂದ ಅನ್ನ ಬಿಟ್ಟು ಹೋದವರ ಸಂಖ್ಯೆ ಸುಳ್ಳೇ ಮೇಲೇರುತ್ತದೆ. ಹಿಂದಿನ ರಾತ್ರಿಯಿಂದ ಕನಿಷ್ಠ ಎಂಟು, ಹೆಚ್ಚೆಂದರೆ ಹದಿನಾಲ್ಕು ಗಂಟೆ ಉಪವಾಸ, ನೀರು ಕುಡಿಯಬಹುದು. 75 ಗ್ರಾಂ ಗ್ಲೂಕೋಸನ್ನು 250ರಿಂದ 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯಬೇಕು. ಪುಡಿ ಮಾನೋಹೈಡ್ರೇಟ್, ಅಂದರೆ ನೀರಿನಂಶ ಸೇರಿದ್ದು, ಆಗಿದ್ದರೆ ತೂಕ 82.5 ಗ್ರಾಂ ಇರಬೇಕು, ಇದನ್ನು ಮರೆಯುವ ಲ್ಯಾಬುಗಳುಂಟು. ಮೊದಲ ಗುಟುಕಿನಿಂದ ಗಡಿಯಾರ ಶುರು. ನಡುವೆ ಓಡಾಟ, ಬೀಡಿ-ಸಿಗರೇಟು, ಕಾಫಿ ಬೇಡ. ವಾಂತಿಯಾದರೆ ಟೆಸ್ಟು ರದ್ದು. ಎರಡು ಗಂಟೆಗೆ 140ರೊಳಗೆ ಸರಿ, 140ರಿಂದ 199 ನಡುವಿನ ಹಂತ, 200 ಆದರೆ ಮಧುಮೇಹ. ಖಾಲಿ ಹೊಟ್ಟೆಯಲ್ಲೇ 126 ದಾಟಿದವರು ಇದನ್ನು ಕುಡಿಯುವ ಅಗತ್ಯವಿಲ್ಲ. ಇಡ್ಲಿ ತಿಂದು ಎರಡು ಗಂಟೆಗೆ ಕೊಡುವ 'ಪಿಪಿ' ಇದಕ್ಕೆ ಬದಲಿಯಲ್ಲ. ಎರಡು ಇಡ್ಲಿ ತಿಂದವರೂ ಆರು ತಿಂದವರೂ ಅಲ್ಲಿ ಒಂದೇ ಲೆಕ್ಕ.

ಮೂತ್ರಪಿಂಡದ ಸಾಲಿಗೂ ಇದೇ ಗತಿ. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮೂತ್ರಪಿಂಡದಲ್ಲಿ ರಕ್ತ ಸೋಸುವ ಪುಟ್ಟ ಜರಡಿಗಳು (ನೆಫ್ರಾನ್) ಎಣಿಕೆಯಲ್ಲೇ ಕಡಿಮೆ ಇರುತ್ತವೆ, ಆಮೇಲೆ ಹುಟ್ಟುವುದಿಲ್ಲ. ಪ್ಯಾಕೇಜು ಕೊಡುವುದು ಕ್ರಿಯಾಟಿನಿನ್. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಈ ಕಸ ರಕ್ತದಲ್ಲಿ ಹೆಚ್ಚು ಉಳಿದರೆ ತೊಂದರೆ ಅಂತ ಲೆಕ್ಕ. ಆದರೆ ಅದು ಬರುವುದು ಸ್ನಾಯುವಿನಿಂದ, ಹಾಗಾಗಿ ಸ್ನಾಯು ಕಡಿಮೆ ಇರುವವರಲ್ಲಿ ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ (ಸೋರಿಬರುವ ಪ್ರೋಟೀನ್)-ಕ್ರಿಯಾಟಿನಿನ್ ಅನುಪಾತ ಕೇಳಿ, 30ರೊಳಗೆ ಇರಬೇಕು. ಜ್ವರ ಇದ್ದಾಗ ಕೊಡಬೇಡಿ. ಬಿಪಿಯನ್ನೂ ಮನೆಗೆ ಬಂದವರು ನೋಡುವುದಿಲ್ಲ.

ಜೊತೆಗೆ 'ಉಚಿತ ಡಯಟ್ ಚಾರ್ಟ್' ಬರುತ್ತದೆ. ಪ್ಯಾಕೇಜಿನ ಅತಿ ದುರ್ಬಲ ಭಾಗ ಇದೇ. 62 ಕೆಜಿಯ ಸಣಕಲು ಮೈಗೂ ದಿನಕ್ಕೆ 1200 ಕ್ಯಾಲೊರಿ, 'ಅನ್ನ ಬಿಡಿ, ರಾಗಿ ತಿನ್ನಿ'. ನೂರು ಗ್ರಾಂ ರಾಗಿ ಹಿಟ್ಟಿನ ದೊಡ್ಡ ಮುದ್ದೆಯಲ್ಲಿ ಸುಮಾರು 67 ಗ್ರಾಂ ಪಿಷ್ಟ, 7 ಗ್ರಾಂ ಪ್ರೋಟೀನ್; ನೂರು ಗ್ರಾಂ ಅಕ್ಕಿಯಲ್ಲಿ 78 ಮತ್ತು 8. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ಎಷ್ಟೋ ಹೆಚ್ಚು, ಅದಕ್ಕಾಗಿ ತಿನ್ನಿ. ಆದರೆ ಮುದ್ದೆ ಗಾತ್ರ ಇಳಿಸದೆ, ಸಾರಿನಲ್ಲಿ ಕಾಳು ಹೆಚ್ಚಿಸದೆ ಬರೀ ಅಕ್ಕಿ ಬದಲಿಸಿದರೆ ಸಕ್ಕರೆ ಅಷ್ಟೇನೂ ಕೇಳುವುದಿಲ್ಲ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಅಂತೂ ಆರೋಗ್ಯದ ಹೆಸರಿನ ಪಾಯಸ.

ಈ ಮೈಗೆ ಬೇಕಾದದ್ದು ಪ್ರೋಟೀನ್ ಮತ್ತು ಸ್ನಾಯುವಿಗೆ ಕೆಲಸ. ಕನಿಷ್ಠ ಕೆಜಿಗೆ 0.83 ಗ್ರಾಂ, ಅಂದರೆ 62 ಕೆಜಿಗೆ 51. ಮೂರು ಇಡ್ಲಿ 6, ಮುದ್ದೆ 7, ನೂರು ಗ್ರಾಂ ಅಕ್ಕಿಯ ಅನ್ನ 8, ಒಂದು ಬಟ್ಟಲು ಮೊಸರು 5. ತಿಳಿಸಾರಿನ ಊಟ ಇಲ್ಲಿಗೆ 26ಕ್ಕೆ ನಿಂತುಬಿಡುತ್ತದೆ. ನಲವತ್ತು ಗ್ರಾಂ ಹುರುಳಿಕಾಳು ಬಸ್ಸಾರಿಗೆ ಹಾಕಿದರೆ 9, ಕಾಲು ಲೀಟರ್ ಹಾಲು 8, ಮೂವತ್ತು ಗ್ರಾಂ ಕಡಲೆಕಾಯಿ 7, ಒಂದು ಮೊಟ್ಟೆ 6, ಈಗ 56. ಇಷ್ಟು ಸೇರಿಸುವಾಗ ಅನ್ನ ಅಥವಾ ಮುದ್ದೆಯಲ್ಲಿ ಮೂರನೇ ಒಂದು ಭಾಗ ತೆಗೆಯಿರಿ, ಇಲ್ಲದಿದ್ದರೆ ಸೊಂಟ ಇಳಿಯುವುದಿಲ್ಲ. ವಾರಕ್ಕೆ ಮೂರು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಮೂರು ಸುತ್ತು. ಮೂತ್ರದಲ್ಲಿ ಆಲ್ಬುಮಿನ್ ಹೆಚ್ಚಿದ್ದವರು ಪ್ರೋಟೀನ್ ಏರಿಸುವ ಮುಂಚೆ ವೈದ್ಯರನ್ನು ಕೇಳಬೇಕು.

ಚಾರ್ಟು ನಿಜಕ್ಕೂ ಅಪಾಯಕ್ಕೆ ತಿರುಗುವುದು ಇನ್ನೊಂದು ಕಡೆ. ಬಾಲ್ಯದಿಂದ ಬಡಕಲು, ಬಿಎಂಐ 18.5ಕ್ಕಿಂತ ಕಡಿಮೆ, ಎಳೆಯ ವಯಸ್ಸಿಗೇ ಸಕ್ಕರೆ ಏರಿದವರು. ಇವರ ತೊಂದರೆ ಇನ್ಸುಲಿನ್ ಕೆಲಸ ಮಾಡದಿರುವುದಕ್ಕಿಂತ ಸಾಕಷ್ಟು ಬಾರದಿರುವುದು. ಅಪೌಷ್ಟಿಕತೆಯ ಈ ಮಧುಮೇಹವನ್ನು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪಟ್ಟಿಗೆ ಸೇರಿಸಿ 1999ರಲ್ಲಿ ಕೈಬಿಟ್ಟಿತ್ತು. ವೆಲ್ಲೂರಿನ ಸಿಎಂಸಿಯೂ ಸೇರಿ ನಡೆದ ಸಂಶೋಧನೆಯ ನಂತರ 2025ರಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು 'ಟೈಪ್ 5' ಎಂದು ಒಪ್ಪಿಕೊಂಡಿತು. ಇವರಿಗೆ 1200 ಕ್ಯಾಲೊರಿಯ ಚಾರ್ಟ್ ಕೊಟ್ಟರೆ ಉಪವಾಸದ ಮೇಲೆ ಉಪವಾಸ. ಮೊಬೈಲು ಮುಚ್ಚಿಟ್ಟು ಮಧುಮೇಹ ತಜ್ಞರನ್ನು ನೋಡಿ.

ಕೊಟ್ಟ ದುಡ್ಡಿಗೆ ಹತ್ತಕ್ಕೆ ಐದು. ಅದೇ ದುಡ್ಡಲ್ಲಿ ಬಿಡಿಬಿಡಿಯಾಗಿ ಸಿಬಿಸಿ, ಎರಡು ಗಂಟೆಯ ಗ್ಲೂಕೋಸ್, ಎಚ್‌ಬಿಎ1ಸಿ, ಲಿಪಿಡ್ (ಕೊಲೆಸ್ಟ್ರಾಲ್), ಲಿವರಿನ ಎಸ್‌ಜಿಪಿಟಿ, ಮೂತ್ರದ ಅನುಪಾತ ಬರೆಸಿಕೊಳ್ಳಿ. ಮಾಂಸ-ಮೊಟ್ಟೆ ಮುಟ್ಟದವರು ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು ಬಿ12 ಸೇರಿಸಿಕೊಳ್ಳಿ. ಬುಕಿಂಗ್ ಫಾರಂನಲ್ಲಿ ಸಿಗರೇಟಿನ ಕಾಲಂ ಇದೆ, ಹುಟ್ಟಿದ ತೂಕದ್ದಿಲ್ಲ. ಡಾಕ್ಟರ ಮುಂದೆ ನೀವೇ ಹೇಳಬೇಕು. ಎಳೆಯರದು ತಾಯಿ ಕಾರ್ಡಿನಲ್ಲಿ ಸಿಗುತ್ತದೆ, ಹಿಂದಿನವರದು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ. ಮನೆಯಲ್ಲೇ ಹೆರಿಗೆಯಾದವರಿಗೆ ಯಾವ ಚೀಟಿಯೂ ಇಲ್ಲ. ಅವರಿಗೆ ಒಂದು ಒರಟು ಗುರುತು ಕಾಲಿನ ಉದ್ದ: ಕೂತಾಗ ಎಲ್ಲರ ಸಮ ಕಂಡು, ನಿಂತಾಗ ಗಿಡ್ಡ ಕಾಣುವವರ ಬಾಲ್ಯದ ಊಟದ ಬಗ್ಗೆ ಮನೆಯ ಹಿರಿಯರನ್ನೊಮ್ಮೆ ಕೇಳಿ ನೋಡಬಹುದು.