ಅಪ್ಪನ ಹಾಡಿಗೆ ಚಾ ಚಾ ಚಾ: ಕತ್ತರಿ, ಲೂಪ್, ಸೋರೆಬುರುಡೆ

ಸೆಪ್ಟೆಂಬರ್‌ನಲ್ಲಿ ಅಪ್ಪನಿಗೆ 70 ತುಂಬುವುದಿತ್ತು. ಅವರಿಗೆ ಪ್ರಾಣವಾದ ಒಂದು ಹಾಡಿದೆ, 1962ರ ಕನ್ನಡ ಸಿನಿಮಾದ್ದು. ಚಿಕ್ಕಂದಿನಲ್ಲಿ ರೇಡಿಯೋದಲ್ಲಿ ಕೇಳಿ ಕೇಳಿ ಬಾಯಿಗೆ ಬಂದದ್ದಂತೆ. ಈಗಲೂ ಕಣದಲ್ಲಿ ಕಾಫಿ ಹರಡುವಾಗ ಅದನ್ನೇ ಗುನುಗುತ್ತಾರೆ. ಆ ಹಾಡನ್ನು ಲ್ಯಾಟಿನ್ ಶೈಲಿಗೆ ತಿರುಗಿಸಿ ಹುಟ್ಟುಹಬ್ಬದ ದಿನ ಹಾಕಿದರೆ ಹೇಗೆ ಅಂತ ನನಗೊಂದು ಹುಚ್ಚು ಹತ್ತಿತು.

ಹತ್ತಿಸಿದ್ದು ಊವೆ ಶ್ಮಿಟ್. ಜರ್ಮನಿಯ ಫ್ರಾಂಕ್‌ಫರ್ಟ್‌ನ ಸಂಗೀತಗಾರನವನು, 1990ರ ದಶಕದಲ್ಲಿ ಚಿಲಿಯ ಸ್ಯಾಂಟಿಯಾಗೊಗೆ ಹೋಗಿ ನೆಲೆಸಿದ. ಸೆನ್ಯೋರ್ ಕೋಕನಟ್ ಅಂತ ಹೆಸರಿಟ್ಟುಕೊಂಡು 2000ದಲ್ಲಿ ಒಂದು ಆಲ್ಬಂ ತಂದ. ಕ್ರಾಫ್ಟ್‌ವೆರ್ಕ್ ಎಂಬ ಜರ್ಮನ್ ತಂಡದ ಯಂತ್ರದಂಥ ಹಾಡುಗಳು ಅದರಲ್ಲಿ ಚಾ ಚಾ ಚಾ, ಕುಂಬಿಯಾ, ಮೆರೆಂಗೆ ಎಂಬ ಲ್ಯಾಟಿನ್ ಅಮೆರಿಕದ ಕುಣಿತದ ಹಾಡುಗಳಾಗಿಬಿಟ್ಟಿವೆ. ಕೇಳಿದರೆ ದೊಡ್ಡ ಬ್ಯಾಂಡೊಂದು ಎದುರಿಗೇ ಕೂತ ಹಾಗಿರುತ್ತದೆ. ಅದರ ಬಹುಪಾಲು ಸ್ಯಾಂಪಲ್‌ಗಳನ್ನು, ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕುಗಳನ್ನು, ಕಂಪ್ಯೂಟರಿನಲ್ಲಿ ಜೋಡಿಸಿದ್ದು ಅಂತ ಗೊತ್ತಾದ ಮೇಲೆ ನನಗೂ ಧೈರ್ಯ ಬಂತು. ಬ್ಯಾಂಡ್ ನನ್ನ ಹತ್ತಿರವೂ ಇರಲಿಲ್ಲ ನೋಡಿ.

ನಮ್ಮ ಮನೆ ಸೋಮವಾರಪೇಟೆ ಕಡೆ. ಜುಲೈಯಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ, ಕರೆಂಟ್ ಬಂದಾಗ ಬಂತು. ಹಳೇ ಲ್ಯಾಪ್‌ಟಾಪಿನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್, ಮೊಬೈಲಿನಲ್ಲಿ ಕೊಆಲಾ ಎಂಬ ಸ್ಯಾಂಪ್ಲರ್ ಆಪ್. ಇಷ್ಟರಲ್ಲೇ ಮೂರು ದಾರಿ ಹಿಡಿದು ನೋಡಿದೆ. ಹಳೇ ರೆಕಾರ್ಡನ್ನೇ ಕತ್ತರಿಸಿ ಮರುಜೋಡಿಸುವುದು ಒಂದು. ರೆಡಿಮೇಡ್ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕು, ತಂದು ಹಾಡಿನ ಅಡಿಗೆ ಹಾಸುವುದು ಇನ್ನೊಂದು. ಒಂದೊಂದು ಪೆಟ್ಟನ್ನೂ ನಾನೇ ರೆಕಾರ್ಡ್ ಮಾಡಿ ಜೋಡಿಸುವುದು ಮೂರನೆಯದು.

ಕತ್ತರಿಯಿಂದ ಶುರು ಮಾಡಿದೆ, ಅದೇ ಸುಲಭ ಅಂದುಕೊಂಡು. ಸುಲಭವಲ್ಲ. ಆಗಿನ ರೆಕಾರ್ಡಿಂಗ್ ಅಂದರೆ ಹಾಡುಗಾರರೂ ಆರ್ಕೆಸ್ಟ್ರಾದವರೂ ಒಟ್ಟಿಗೆ ಕೂತು ಬಾರಿಸಿದ್ದು. ತಾಳ ತಪ್ಪದಂತೆ ಕಿವಿಗೆ ಕ್ಲಿಕ್ ಕೊಡುವ ಯಂತ್ರ ಇರಲಿಲ್ಲ. ಪಲ್ಲವಿಯಲ್ಲಿ ನಿಮಿಷಕ್ಕೆ 92 ಬೀಟ್ ಇದ್ದದ್ದು ಎರಡನೇ ಚರಣ ಬರುವಷ್ಟರಲ್ಲಿ 96 ಆಗಿತ್ತು. ಕೇಳುವಾಗ ಅದೇ ಚೆಂದ. ಕಂಪ್ಯೂಟರಿನ ಚೌಕಕ್ಕೆ ಕೂರಿಸಲು ಹೋದರೆ ಅದೇ ಶನಿ. ಪ್ರತಿ ಸಾಲಿಗೂ ಗುರುತು ಹಾಕಿ ಎಳೆಯಬೇಕು, ಕುಗ್ಗಿಸಬೇಕು.

ಚಾ ಚಾ ಚಾಕ್ಕೆ 116 ಬೇಕು ಅಂತ ಲೆಕ್ಕ ಹಾಕಿದ್ದೆ. ಅಂದರೆ ಸುಮಾರು ಕಾಲುಭಾಗ ವೇಗ ಏರಿಸಬೇಕು. ಹಾಗೇ ಸುಮ್ನೆ ಓಡಿಸಿದರೆ ಶ್ರುತಿ ಸುಮಾರು ನಾಲ್ಕು ಅರೆಸ್ವರ ಮೇಲೇರಿ ಗಾಯಕ ಶಾಲೆ ಹುಡುಗನಾಗುತ್ತಾನೆ. ಶ್ರುತಿ ಬಿಗಿಹಿಡಿದು ಓಡಿಸಿದರೆ ಪಿಟೀಲುಗಳು ನಡುಗುತ್ತವೆ, ಸ್ಸ, ಶ್ಶ ಎಲ್ಲ ಒಡೆಯುತ್ತವೆ. ಧ್ವನಿಯನ್ನು ಮಾತ್ರ ಬೇರೆ ತೆಗೆಯೋಣ ಅಂತ ಸ್ಪ್ಲೀಟರ್ ಹಾಕಿದೆ. ಡೀಜರ್ ಕಂಪನಿಯವರು 2019ರಲ್ಲಿ ಪುಕ್ಕಟೆಯಾಗಿ ಹೊರಬಿಟ್ಟ ಸಾಫ್ಟ್‌ವೇರ್ ಅದು, ಈಗಿನ ಹಾಡುಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನ್ನ ಹಾಡು ಮೋನೊ, ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿದ ಹಾಗೆ. ಧ್ವನಿ ಬಂತು, ಜೊತೆಗೆ ಪಿಟೀಲಿನ ನೆರಳೂ ಬಂತು. ನೀರೊಳಗೆ ಕೂತು ಹಾಡಿದ ಹಾಗೆ ಕೇಳಿಸುತ್ತಿತ್ತು.

ಆದರೂ ಈ ದಾರಿಯಲ್ಲಿ ಒಂದು ಒಳ್ಳೆಯದು ಸಿಕ್ಕಿತು. ಹಾಡಿನ ಮೊದಲಲ್ಲಿ ಎರಡು ಸೆಕೆಂಡ್ ಬೊಂಗೋ ಎಂಬ ಪುಟ್ಟ ಜೋಡಿ ಡ್ರಮ್ಮು ಇದೆ, ಗಿಲಕಿಯಂಥ ಮರಾಕಾಸ್ ಇದೆ! ಆ ಕಾಲದ ನಮ್ಮ ಸಿನಿಮಾ ಆರ್ಕೆಸ್ಟ್ರಾಗಳಿಗೆ ಇವೇನೂ ಹೊಸದಲ್ಲ. ನಾನು ಕ್ಯೂಬಾದ ಹವಾನಾದಿಂದ ತರಲು ಹೊರಟದ್ದು 1962ರಲ್ಲೇ ಅಪ್ಪನ ಕಿವಿಗೆ ಬಿದ್ದಾಗಿತ್ತು. ಆ ಎರಡು ಸೆಕೆಂಡನ್ನು ಜೋಪಾನವಾಗಿ ತೆಗೆದಿಟ್ಟೆ.

ಲೂಪ್ ದಾರಿ ತೋರಿಸಿದ್ದು ಭಾವ. ಕುಶಾಲನಗರದಲ್ಲಿ ಸೌಂಡ್ಸ್ ಬಾಡಿಗೆಗೆ ಕೊಡುತ್ತಾರೆ. ದಸರಾ ಬಂತೆಂದರೆ ಮಡಿಕೇರಿಯ ದಶಮಂಟಪಗಳ ಹಿಂದೆ ಸ್ಪೀಕರ್ ಹೊತ್ತು ಬೆಳಗಿನವರೆಗೆ ನಿದ್ದೆಗೆಡುವವರು. "ಇದಕ್ಕೆಲ್ಲ ತಿಂಗಳುಗಟ್ಟಲೆ ಯಾಕೆ ಕೂರ್ತೀಯ ಮಾರಾಯ, ಪ್ಯಾಕ್ ಸಿಗುತ್ತೆ, ತಗೊಂಡು ಹಾಕು" ಅಂದರು. ತಗೊಂಡೆ, ಹಾಕಿದೆ. ಒಂದೇ ಸಂಜೆಯಲ್ಲಿ ಹಾಡು ನಿಂತುಬಿಟ್ಟಿತು, ಭಾವ ಹೇಳಿದ್ದು ಸುಳ್ಳಲ್ಲ. ಕೊಂಗಾ ಡ್ರಮ್ಮು, ಪಿಯಾನೊ, ತುತ್ತೂರಿ ಎಲ್ಲ ಒಳ್ಳೆ ಸ್ಟುಡಿಯೋದಲ್ಲಿ ಬಾರಿಸಿದ್ದು. ಹಾಡು ಮಾತ್ರ ಕೈಕಾಲು ಕಟ್ಟಿದ ಹಾಗೆ ಕೇಳಿಸುತ್ತಿತ್ತು. ಎಲ್ಲೋ ತಪ್ಪಿದೆ, ಎಲ್ಲಿ ಅಂತ ಗೊತ್ತಾಗದು. ನಾಲ್ಕು ದಿನ ತಲೆ ಕೆಡಿಸಿಕೊಂಡೆ.

ತಪ್ಪಿದ್ದದ್ದು ಕ್ಲಾವೆ. ಕ್ಯೂಬಾದ ಸಂಗೀತಕ್ಕೆ ಅದು ಬೆನ್ನುಮೂಳೆ. ಎರಡು ಮರದ ಕೋಲು, ಐದೇ ಪೆಟ್ಟು. ಎಂಟು ಎಣಿಕೆಯನ್ನು 16 ಚೌಕ ಮಾಡಿಕೊಳ್ಳಿ. 1, 4, 7, 11, 13ನೇ ಚೌಕಗಳಲ್ಲಿ ಪೆಟ್ಟು ಬೀಳುತ್ತದೆ. ಮೊದಲರ್ಧದಲ್ಲಿ ಮೂರು, ಎರಡನೇ ಅರ್ಧದಲ್ಲಿ ಎರಡು. ಅದಕ್ಕೇ ಇದನ್ನು 3-2 ಅನ್ನುತ್ತಾರೆ. ತಿರುಗಿಸಿದರೆ 2-3, ಆಗ ಪೆಟ್ಟು ಬೀಳುವುದು 3, 5, 9, 12, 15ರಲ್ಲಿ. ಪೆಟ್ಟುಗಳ ನಡುವಿನ ಅಂತರ ಅವೇ, ಶುರುವಾಗುವ ಜಾಗ ಬೇರೆ. ಮೂರು ಪೆಟ್ಟಿನ ಕಡೆ ಎಳೆದಾಟ ಜಾಸ್ತಿ, ಎರಡು ಪೆಟ್ಟಿನ ಕಡೆ ನೆಟ್ಟಗೆ ನಿಲ್ಲುತ್ತದೆ. ಹಾಡಿನ ಮಾತು ಎಲ್ಲಿ ಎಳೆಯುತ್ತದೋ ಅಲ್ಲಿ ಮೂರು ಬೀಳಬೇಕು, ಎಲ್ಲಿ ಕಾಲೂರುತ್ತದೋ ಅಲ್ಲಿ ಎರಡು.

ಕನ್ನಡದ ಮಾತಿಗೆ ಮೊದಲ ಅಕ್ಷರದಲ್ಲೇ ಒತ್ತು. ಅಪ್ಪನ ಹಾಡಿನ ಸಾಲುಗಳೂ ಹಾಗೇ, ಮೊದಲ ಎಣಿಕೆಗೆ ಸರಿಯಾಗಿ ಕಾಲಿಟ್ಟು ಶುರುವಾಗುತ್ತವೆ, ಕೊನೆಯಲ್ಲಿ ಎಳೆದುಕೊಳ್ಳುತ್ತವೆ. ಅದಕ್ಕೆ 2-3 ಬೇಕಿತ್ತು. ನಾನು ಕೊಂಡ ಲೂಪ್‌ಗಳೆಲ್ಲ 3-2. ಪ್ಯಾಕಿನ ಮೇಲೆ ಅದನ್ನು ಬರೆದೇ ಇರಲಿಲ್ಲ, ಅಷ್ಟೇ ಅಲ್ಲ, ಚಾ ಚಾ ಚಾ ಅಂತ ಹೆಸರಿಟ್ಟ ಎರಡು ಲೂಪ್‌ಗಳಲ್ಲಿ ಬ್ರೆಜಿಲ್‌ನ ಬೊಸಾ ನೋವಾ ಶೈಲಿಯ ಪೆಟ್ಟು ಇತ್ತು. ಅದರಲ್ಲಿ ಕೊನೆಯ ಪೆಟ್ಟು 13ರ ಬದಲು 14ಕ್ಕೆ ಬೀಳುತ್ತದೆ. ಒಂದೇ ಚೌಕದ ವ್ಯತ್ಯಾಸ, ಇಡೀ ಹಾಡು ಕುಂಟುತ್ತದೆ. ಲೂಪನ್ನು ಅರ್ಧಕ್ಕೆ ಕತ್ತರಿಸಿ ಹಿಂದುಮುಂದು ಮಾಡಿದೆ. ಕೋಲು ಸರಿಹೋಯಿತು, ಪಿಯಾನೊ ಸ್ವರಗಳು ತಿರುಗುಮುರುಗಾದವು. ಲೂಪಿನ ರೋಗವೇ ಇದು. ಪಾಯಸದೊಳಗಿನ ಉಪ್ಪನ್ನು ಆರಿಸಿ ತೆಗೆಯಲಾಗುತ್ತದೆಯೇ?

ಹಾಗಾಗಿ ಅಟ್ಟ ಹತ್ತಿದೆ. ಚಾ ಚಾ ಚಾದ ಕೆರೆಯುವ ಸದ್ದು ಗುಯಿರೊ ಎಂಬ ವಾದ್ಯದ್ದು. ಒಣ ಸೋರೆಬುರುಡೆಗೆ ಗೆರೆ ಕೊರೆದು ಕಡ್ಡಿಯಿಂದ ಎಳೆಯುತ್ತಾರೆ, ಅಷ್ಟೇ. ಅಜ್ಜಿಯ ಕಾಲದ ಬುರುಡೆಯೊಂದು ಅಟ್ಟದಲ್ಲಿ ಧೂಳು ಕುಡಿಯುತ್ತಿತ್ತು. ಹ್ಯಾಕ್ಸಾ ಬ್ಲೇಡಿನಿಂದ ಇಪ್ಪತ್ತು ಗೆರೆ ಹಾಕಿದೆ. ಅಮ್ಮನ ಮುಖ ನೋಡಲಿಲ್ಲ. ಕ್ಲಾವೆಯ ಕೋಲಿಗೆ ಹಳೇ ಕಿಟಕಿಯ ಬೀಟೆ ಮರದ ತುಂಡು ಎರಡು. ಬೇರೆ ಮರವೂ ನೋಡಿದೆ, ಬೀಟೆಯಷ್ಟು ಚುರುಕಾಗಿ ಯಾವುದೂ ಟಕ್ ಅನ್ನಲಿಲ್ಲ. ಮರಾಕಾಸ್‌ಗೆ ಮೊದಲು ಡಬ್ಬಿಗೆ ಚೆರ್ರಿ ಕಾಫಿ ತುಂಬಿದೆ, ಕಲ್ಲು ಸುರಿದ ಸದ್ದು ಬಂತು. ಕರಿಮೆಣಸು ಹಾಕಿದ ಮೇಲೆ ಸರಿಹೋಯಿತು. ಕ್ಯೂಬಾದ ಬ್ಯಾಂಡ್‌ಗಳಲ್ಲಿ ಲೋಹದ ಗಂಟೆಯೊಂದನ್ನು ಕೋಲಿನಿಂದ ಬಡಿಯುತ್ತಾರೆ. ಮೂಲದಲ್ಲಿ ಅದು ಹಸುವಿನ ಕೊರಳ ಗಂಟೆಯೇ. ನಮ್ಮ ಕೊಟ್ಟಿಗೆಯ ಮೊಳೆಗೆ ಒಂದು ನೇತುಹಾಕಿತ್ತು. ನಾಲಿಗೆ ಬಿಚ್ಚಿ ಬಡಿದೆ.

ಒಂದು ಬುರುಡೆಯಿಂದಲೇ ಒಂಬತ್ತು ಸ್ಯಾಂಪಲ್ ಮಾಡಿದೆ. ಉದ್ದ ಎಳೆದದ್ದು, ಚಿಕ್ಕದಾಗಿ ಕೆರೆದದ್ದು, ಒತ್ತಿದ್ದು, ಸವರಿದ್ದು. ಒಂದೇ ಸ್ಯಾಂಪಲ್ ಪದೇ ಪದೇ ಬಡಿದರೆ ಹೊಲಿಗೆ ಯಂತ್ರವಾಗುತ್ತದೆ. ನಾಲ್ಕೈದನ್ನು ಬದಲಾಯಿಸುತ್ತ, ಕೆಲವನ್ನು ಕೂದಲೆಳೆಯಷ್ಟು ತಡವಾಗಿ ಇಟ್ಟರೆ ಕೈ ಕಾಣಿಸುತ್ತದೆ. ಇದಕ್ಕೆ ಮೂರು ವಾರ ಹಿಡಿಯಿತು. ಹೆಂಚಿನ ಮೇಲೆ ಮಳೆ ನಿಂತ ಹತ್ತು ನಿಮಿಷದಲ್ಲಿ ರೆಕಾರ್ಡ್ ಮಾಡಬೇಕು, ಅಷ್ಟರಲ್ಲಿ ಪಕ್ಕದ ತೋಟದವರ ನಾಯಿ ಬೊಗಳಬೇಕು.

ಹಾಡಿದ್ದು ಚಿಕ್ಕಮ್ಮ. ಅಟ್ಟದಲ್ಲಿ ಸುತ್ತ ಕಂಬಳಿ ನೇತುಹಾಕಿ, ಕಿವಿಗೆ ಕ್ಲಿಕ್ ಕೊಟ್ಟೆ. "ಈ ಟಿಕ್ ಟಿಕ್ ತೆಗಿ, ನನಗೆ ತಾಳ ಗೊತ್ತಿದೆ" ಅಂದರು. ತೆಗೆದೆ. ಅವರು ಸಾಲಿನ ಕೊನೆಯನ್ನು ಯಾವಾಗಲೂ ಸ್ವಲ್ಪ ತಡ ಮಾಡಿ ಬಿಡುತ್ತಾರೆ. ಅದು ಸೀದಾ ಮೂರು ಪೆಟ್ಟಿನ ಕಡೆ ಹೋಗಿ ಕೂತಿತು!

ಶೈಲಿಗಳ ಮಾತು ಬಾಕಿ ಇದೆ. ಚಾ ಚಾ ಚಾ 1950ರ ದಶಕದ ಆರಂಭದಲ್ಲಿ ಕ್ಯೂಬಾದ ಪಿಟೀಲು ವಾದಕ ಎನ್ರಿಕೆ ಹೊರಿನ್ ಕೈಯಲ್ಲಿ ರೂಪುಗೊಂಡದ್ದು. ಮ್ಯಾಂಬೊ ಎಂಬ ಕುಣಿತಕ್ಕೆ ಕಾಲು ಸಿಗದವರಿಗೂ ಕುಣಿಯಲು ಆಗಲಿ ಅಂತ ಅದರ ತಾಳವನ್ನು ಸರಳ ಮಾಡಿದ. ಹಾಡಿಗೆ ಒಪ್ಪಿತು, ಆದರೆ 116ರಲ್ಲಿ ಚಿಕ್ಕಮ್ಮನಿಗೆ ಉಸಿರು ಸಾಲಲಿಲ್ಲ. ಮೆರೆಂಗೆ ಬಿಡಿ, 140 ದಾಟಿಸಿದರೆ ಸಾಹಿತ್ಯ ನಾಲಿಗೆ ಹೊರಳಿಸುವ ಆಟವಾಗುತ್ತದೆ. ಬೊಸಾ ನೋವಾಕ್ಕೆ ಸ್ಯಾಂಪಲ್ ಸಾಲದು. ರಿಯೋದಲ್ಲಿ ಜೊವಾವ್ ಜಿಲ್ಬೆರ್ಟೊ ಗಿಟಾರಿನಲ್ಲಿ ಮಾಡಿದ್ದು ಬೆರಳಿನ ಕೆಲಸ, ಕತ್ತರಿಸಿದ ಗಿಟಾರ್ ಅದರಲ್ಲಿ ಸತ್ತು ಬೀಳುತ್ತದೆ.

ಗೆದ್ದದ್ದು ನಾನು ಎಣಿಸಿರದ ಕುಂಬಿಯಾ. ಕೊಲಂಬಿಯಾದ ಕೆರಿಬಿಯನ್ ಕರಾವಳಿಯದ್ದು. ಅದಕ್ಕೆ ಕ್ಲಾವೆಯ ಕಟ್ಟುಪಾಡಿಲ್ಲ, ಹಾಗಾಗಿ ಮಾತಿನೊಂದಿಗೆ ಜಗಳವೂ ಇಲ್ಲ. ಯಮಡೋರ್ ಎಂಬ ಸಣ್ಣ ಡ್ರಮ್ಮು ಎಣಿಕೆಗಳ ನಡುವೆ ಬೀಳುತ್ತ ಹೋಗುತ್ತದೆ. ಹೆಸರಿನ ಅರ್ಥವೇ ಕರೆಯುವವನು ಅಂತ. ನಮ್ಮ ಬುರುಡೆ ಇಲ್ಲೂ ಕೆಲಸಕ್ಕೆ ಬಂತು, ಕುಂಬಿಯಾದಲ್ಲೂ ಕೆರೆಯುವ ವಾದ್ಯವಿದೆ. ಮುಖ್ಯ ವಿಷಯವೆಂದರೆ ಅದು 94ರಲ್ಲಿ ಆರಾಮಾಗಿ ನಡೆಯುತ್ತದೆ. ಹಾಡಿನ ಸ್ವಂತ ನಡಿಗೆಯೇ ಅದು. ಎಳೆಯುವುದಿಲ್ಲ, ಕುಗ್ಗಿಸುವುದಿಲ್ಲ. ಮೊದಲೇ ಹಾಡಿನ ವೇಗ ನೋಡಿ ಶೈಲಿ ಆರಿಸಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ನಾನು ಮಾಡಿದ್ದು ತಿರುಗಾಮುರುಗಾ.

ಇವನ್ನೆಲ್ಲ ಆನ್‌ಲೈನ್‌ಗೆ ಹಾಕುವವರಿಗೆ ಒಂದು ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ರೆಕಾರ್ಡಿಂಗ್ ಮೇಲಿನ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಸಾಹಿತ್ಯ, ರಾಗಸಂಯೋಜನೆಯದ್ದು ಬೇರೆ ಲೆಕ್ಕ, ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. 1962ರ ರೆಕಾರ್ಡಿನ ಅವಧಿ ಮುಗಿದರೂ ಹಾಡು ಬಿಟ್ಟಿ ಆಗುವುದಿಲ್ಲ. ನಾನು ಮನೆಯಲ್ಲಿ ಮಾತ್ರ ಹಾಕಿದೆ.

ಹುಟ್ಟುಹಬ್ಬದ ಸಂಜೆ ಭಾವ ತಂದ ಒಂದೇ ಸ್ಪೀಕರಿನಲ್ಲಿ ಮೂರನ್ನೂ ಹಾಕಿದೆ. ಕತ್ತರಿಸಿದ್ದು ಬಂದಾಗ ದೊಡ್ಡಪ್ಪ "ಕ್ಯಾಸೆಟ್ ಸಿಕ್ಕಿಕೊಂಡಿದೆ ನೋಡೋ" ಅಂದರು. ಲೂಪಿನದ್ದಕ್ಕೆ ಹುಡುಗರು ಎದ್ದು ಕುಣಿದರು, ಭಾವ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಹೆಚ್ಚು ಜನ ಕುಣಿದದ್ದು ಅದಕ್ಕೇ. ಯಾವ ಹಾಡು ಅಂತ ಮಾತ್ರ ಅಪ್ಪನಿಗೆ ಗುರುತು ಸಿಗಲಿಲ್ಲ.

ಕುಂಬಿಯಾ ಶುರುವಾಗಿದ್ದು ಹಳೇ ರೆಕಾರ್ಡಿನ ಆ ಎರಡು ಸೆಕೆಂಡ್ ಬೊಂಗೋದಿಂದ. ಅಪ್ಪ ಪಂದಿ ಕರಿಯ ತಟ್ಟೆ ಕೆಳಗಿಟ್ಟರು. ಚಿಕ್ಕಮ್ಮನ ಧ್ವನಿ ಬಂದಾಗ ನಕ್ಕು ತಾವೂ ಹಾಡಿದರು. ಎರಡನೇ ಚರಣದಲ್ಲಿ ಗಂಟೆ ಬಂತು. ಹಾಡುವುದು ನಿಲ್ಲಿಸಿ ಸ್ಪೀಕರ್ ಹತ್ತಿರ ಹೋಗಿ ತಲೆ ಬಗ್ಗಿಸಿ ನಿಂತರು.

"ಇದು ನಮ್ಮ ಕಾಳಿಯ ಗಂಟೆ ಅಲ್ವೇನೋ?"

ಹೌದು ಅಂದೆ. ಇನ್ನೊಂದು ಸಲ ಹಾಕು ಅಂದರು. ನಾನು ಲ್ಯಾಪ್‌ಟಾಪ್ ಹತ್ತಿರ ಹೋಗುವಷ್ಟರಲ್ಲಿ ದೊಡ್ಡಪ್ಪ ವಾಲಗ ಹಾಕಿಸಿಯಾಗಿತ್ತು.