ಶಿರಸಿ ಸೀಮೆಯ ಕುದುರೆ ಆಶ್ರಯಧಾಮ: ಹಿಂಡು ಕಟ್ಟುವ ಕ್ರಮ ಮೆಚ್ಚುವಂಥದ್ದು, ಮಳೆಗಾಲದ ಲಾಯ ಸುಧಾರಿಸಬೇಕು

ಕಡಲತೀರದ ಸವಾರಿ, ಮದುವೆ ಮೆರವಣಿಗೆ, ಟಾಂಗಾಗಳಲ್ಲಿ ದುಡಿದು ಸವೆದ ಕುದುರೆಗಳನ್ನು ಸಾಕುವ ಚಿಕ್ಕ ಆಶ್ರಯಧಾಮವೊಂದು ಶಿರಸಿಯ ಘಟ್ಟದ ಮೇಲಿದೆ. ಮುಂಚಿತವಾಗಿ ತಿಳಿಸಿ ಹೋಗಿ ನೋಡಬಹುದು. ಒಂದು ಕುದುರೆಯ ಮೇವಿನ ಖರ್ಚನ್ನು ತಿಂಗಳ ಲೆಕ್ಕದಲ್ಲಿ ವಹಿಸಿಕೊಳ್ಳಲೂ ಅವಕಾಶವಿದೆ. ಹಾಗೆ ವಹಿಸಿಕೊಂಡವರಲ್ಲಿ ನಾನೂ ಒಬ್ಬನಾದ್ದರಿಂದ, ಹಣಕ್ಕೆ ತಕ್ಕ ಆರೈಕೆ ನಡೆಯುತ್ತಿದೆಯೇ ಎಂಬ ದೃಷ್ಟಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿಯ ಕಟ್ಟಡ ಸಾಧಾರಣ, ಬೇಲಿಯೂ ಹಳೆಯದು. ಆದರೆ ಹೊಸ ಕುದುರೆಯನ್ನು ಹಿಂಡಿಗೆ ಸೇರಿಸುವ ಕ್ರಮದಲ್ಲಿ ಇವರು ತೋರುವ ತಾಳ್ಮೆ ಅಸಾಧಾರಣವಾದುದು. ಗ್ಲ್ಯಾಂಡರ್ಸ್‌ನಂತಹ ಅಂಟುರೋಗಗಳ ಪರೀಕ್ಷೆ ಮುಗಿಯುವವರೆಗೆ ಅದನ್ನು ಪ್ರತ್ಯೇಕವಾಗಿ ಇಡುತ್ತಾರೆ, ಆದರೆ ಉಳಿದವು ಕಣ್ಣಿಗೆ ಬೀಳುವಷ್ಟು ದೂರದಲ್ಲಿ. ಆಮೇಲೆ ಬೇಲಿಯ ಎರಡು ಬದಿಯಿಂದ ಮೂಸಿ ಪರಿಚಯವಾಗಬೇಕು. ಬಳಿಕ ಸೌಮ್ಯ ಸ್ವಭಾವದ ಒಂದು ಹೆಣ್ಣು ಕುದುರೆಯ ಜೊತೆ. ಕೊನೆಗೆ, ಹಿಂಗಾಲಿನ ಲಾಳ ಬಿಚ್ಚಿ, ಬೇಣದಲ್ಲಿ ಮೇಯುವ ಗುಂಪಿಗೆ. ಒದೆತ ಬಿದ್ದರೂ ದೊಡ್ಡ ಗಾಯವಾಗಬಾರದೆಂಬ ಈ ಕೊನೆಯ ಎಚ್ಚರವನ್ನು ಅನೇಕರು ಮರೆಯುತ್ತಾರೆ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕುದುರೆ ನಿಂತೇ ತೂಕಡಿಸಬಲ್ಲದಾದರೂ ಗಾಢನಿದ್ರೆಯ ಒಂದು ಹಂತಕ್ಕೆ ಅದು ಮಲಗಲೇಬೇಕು, ಮತ್ತು ಕಾವಲಿಗೆ ಇನ್ನೊಂದು ನಿಂತಿದೆ ಎಂಬ ಭರವಸೆ ಇಲ್ಲದಿದ್ದರೆ ಹಲವು ಕುದುರೆಗಳು ನೆಲಕ್ಕೆ ಮೈಚಾಚುವುದೇ ಇಲ್ಲ. ಒಂಟಿಯಾಗಿ ಕಟ್ಟಿಹಾಕಿದವು ಮರದ ಅಂಚು ಕಚ್ಚುವ, ನಿಂತಲ್ಲೇ ಎಡಕ್ಕೆ ಬಲಕ್ಕೆ ತೂಗುವ ಚಟಕ್ಕೆ ಬೀಳುತ್ತವೆ. ನಾನು ಖರ್ಚು ವಹಿಸಿಕೊಂಡ ಬಿಳಿ ಗಂಡು ಕುದುರೆ ಬಂದ ಹೊಸತರಲ್ಲಿ ಹೀಗೇ ತೂಗುತ್ತಿತ್ತು. ಚಟ ಪೂರ್ತಿ ಹೋಗಿಲ್ಲ; ಆದರೆ ಈಗ ಜೊತೆಗಾತಿಯೊಂದಿಗೆ ಎದುರುಬದುರಾಗಿ ನಿಂತು, ಪರಸ್ಪರ ಹೆಗಲ ಮೇಲಿನ ಉಬ್ಬನ್ನು ಹಲ್ಲಿನಿಂದ ಕೆರೆದುಕೊಳ್ಳುತ್ತದೆ. ಆ ಜಾಗವನ್ನು ಕೆರೆದರೆ ಕುದುರೆಯ ಹೃದಯಬಡಿತ ತಗ್ಗುತ್ತದೆ ಎಂಬುದನ್ನು ಸಂಶೋಧಕರು ಅಳೆದು ನೋಡಿದ್ದಾರೆ.

ಹೋಮ್‌ಸ್ಟೇಗಳಿಗೆ ಒಂಟಿ ಕುದುರೆ ಕೊಡುವುದಿಲ್ಲ, ಕೊಟ್ಟರೆ ಜೋಡಿ ಎಂಬ ಇವರ ನಿಯಮಕ್ಕೆ ಕೆಲವರ ಆಕ್ಷೇಪವಿದೆ. ಕೊಟ್ಟಿಗೆಯಲ್ಲಿ ದನಗಳಿವೆಯಲ್ಲ ಎಂಬ ವಾದ ನನಗೆ ಒಪ್ಪಿಗೆಯಾಗಲಿಲ್ಲ. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿ ಸಂರಕ್ಷಣಾ ನಿಯಮಗಳು ಕುದುರೆಗೆ ತನ್ನ ಜಾತಿಯದೇ ಇನ್ನೊಂದು ಪ್ರಾಣಿ ಕಾಣುವಂತೆ, ಕೇಳುವಂತೆ, ವಾಸನೆ ಸಿಗುವಂತೆ ಇರಬೇಕೆಂದು ವಿಧಿಸಿವೆ.

ಕೊರತೆ ಇರುವುದು ಮಳೆಗಾಲದಲ್ಲಿ. ಗೊರಸು ಕೊಳೆಯದಿರಲೆಂದು ಎಲ್ಲವನ್ನೂ ಸೋಗೆಯ ಮಾಡಿನಡಿ ತಂದಾಗ ಜಾಗ ಸಾಲದು. ಮೇವನ್ನು ಒಂದೇ ಗೋದಲಿಯಲ್ಲಿ ಹಾಕುವುದರಿಂದ ಗುಂಪಿನಲ್ಲಿ ಕೆಳಗಿರುವ ಮುದಿ ಕುದುರೆ ಹಿಂದೆ ಉಳಿಯುತ್ತದೆ. ಕುದುರೆಗಳ ಸಂಖ್ಯೆಗಿಂತ ಒಂದೆರಡು ಹೆಚ್ಚು ಕಡೆ ಹುಲ್ಲು ಹಾಕಿದರೆ ಇದು ತಪ್ಪುತ್ತದೆ, ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಹೇಳಿದ್ದೇನೆ, ಇನ್ನೂ ಆಗಿಲ್ಲ.

ನೋಡಲು ಹೋಗುವವರು ಬೆಳಿಗ್ಗೆ ದಣಪೆ ತೆಗೆಯುವ ಮುಂಚೆಯೇ ತಲುಪುವುದು ಒಳ್ಳೆಯದು. ಬೆಲ್ಲ, ಬಾಳೆಹಣ್ಣು ಒಯ್ದರೆ ಅಲ್ಲಿಯವರ ಕೈಗೇ ಕೊಡಿ. ಬೇಲಿಯಾಚೆಯಿಂದ ಗುಂಪಿಗೆ ಚಾಚಿದರೆ ಕಚ್ಚಾಟ ಶುರುವಾಗುತ್ತದೆ.