ಎರಡು ಕಡೆಯಿಂದ ಕರೆಂಟ್ ಇದ್ದರೂ ಆರುವ ಆಕ್ಸೆಸ್ ಪಾಯಿಂಟ್: 14 ತಿಂಗಳ ಬಳಕೆ

ನಮ್ಮದು ಶಿರಸಿ ಹತ್ತಿರದ ತೋಟದ ಮನೆ. ಮೆತ್ತಿ ಮೇಲಿನ ಕೋಣೆಯೇ ನನ್ನ ಆಫೀಸು. ಕಳೆದ ವರ್ಷ ಅಲ್ಲಿಗೆಂದು ಈ ವೈಫೈ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್ಲಿನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಡಬ್ಬಿ, ತಗೊಂಡೆ. ಬೇರೆ ಮಾಡೆಲ್‌ಗಿಂತ 800 ರೂಪಾಯಿ ಜಾಸ್ತಿ ಕೊಟ್ಟಿದ್ದು ಒಂದೇ ಕಾರಣಕ್ಕೆ. ಇದಕ್ಕೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕೊಡಬಹುದು, ಅಂದರೆ ಪಿಒಇ. ಜೊತೆಗೆ 12 ವೋಲ್ಟ್ ಅಡಾಪ್ಟರನ್ನೂ ಹಾಕಬಹುದು. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತೆ, ಅಲ್ವಾ? ನಾನೂ ಹಾಗೇ ನಂಬಿದ್ದೆ.

ಕೇಬಲ್ಲಿಗೆ ನೆಟ್‌ವರ್ಕ್ ಜೊತೆ ಕರೆಂಟನ್ನೂ ಕೊಡುವ ಡಬ್ಬಿ, ಅಂದರೆ ಪಿಒಇ ಸ್ವಿಚ್ಚು, ಕೆಳಗೆ ನಡುಮನೆಯಲ್ಲಿ, ಇನ್ವರ್ಟರ್ ಲೈನಿನಲ್ಲಿದೆ. ಅಡಾಪ್ಟರ್ ಮೇಲಿನ ಗೋಡೆಯ ಪ್ಲಗ್ಗಿನಲ್ಲಿ. ಅಲ್ಲಿಗೆ ಇನ್ವರ್ಟರ್ ಲೈನ್ ಎಳೆದಿಲ್ಲ. ಮಳೆಗಾಲ ಶುರುವಾಯಿತು ನೋಡಿ, ಕರೆಂಟ್ ಹೋದಾಗೆಲ್ಲ ವೈಫೈ ಕೂಡ ಹೋಗುತ್ತಿತ್ತು. ಒಂದೂವರೆ ನಿಮಿಷ ಬಿಟ್ಟು ತಾನಾಗಿಯೇ ಬರುತ್ತಿತ್ತು. ದಿನಕ್ಕೆ ಐದಾರು ಸಲ, ಅದೂ ಮೀಟಿಂಗ್ ಮಧ್ಯದಲ್ಲಿ. ಇನ್ವರ್ಟರ್ ಮೇಲೇ ಅನುಮಾನ ಬಂತು. ಆದರೆ ಅದೇ ಲೈನಿನ ರೂಟರ್ ಒಮ್ಮೆಯೂ ಆರುತ್ತಿರಲಿಲ್ಲ.

ಗುಟ್ಟು ಬಿಡಿಸಿದ್ದು ಅಮ್ಮ. ಗುಡುಗು ಕೇಳಿದರೆ ಸಾಕು, ಅಮ್ಮ ಪ್ಲಗ್ ಕೀಳಲು ಹೊರಡುತ್ತಾರೆ. ಮೊದಲು ಟಿವಿ, ಆಮೇಲೆ ಮಿಕ್ಸಿ, ಕೊನೆಗೆ ಮೆಟ್ಟಿಲು ಹತ್ತಿ ನನ್ನ ಅಡಾಪ್ಟರ್. ಒಂದು ಸಂಜೆ ನಾನು ಕೆಳಗೆ ಸ್ವಿಚ್ಚಿನ ಮುಂದೆ ಕೂತಿದ್ದೆ. ಮೇಲಿನಿಂದ ಅಮ್ಮ "ತೆಗೆದೆ ನೋಡೋ" ಎಂದು ಕೂಗಿದರು. ಆ ಕ್ಷಣಕ್ಕೇ ಆಕ್ಸೆಸ್ ಪಾಯಿಂಟಿನ ಕೇಬಲ್ ಚುಚ್ಚಿದ ಮೂರನೇ ಪೋರ್ಟಿನ ಹಳದಿ ಪಿಒಇ ದೀಪ ಹತ್ತಿಕೊಂಡಿತು. ಅಷ್ಟು ದಿನವೂ ಅದು ಆರಿಯೇ ಇತ್ತು!

ಅಂದರೆ ಅಡಾಪ್ಟರ್ ಇರುವಷ್ಟು ಹೊತ್ತು ಈ ಡಬ್ಬಿ ಕೇಬಲ್ಲಿನ ಕರೆಂಟನ್ನು ಮುಟ್ಟುವುದೇ ಇಲ್ಲ. ಪಿಒಇ ಸ್ವಿಚ್ಚು ಸುಮ್ನೆ ಕರೆಂಟ್ ಹರಿಸುತ್ತಾ ಕೂರುವುದಿಲ್ಲ. ಆಚೆ ಕಡೆಯ ಸಾಧನ ಕನಿಷ್ಠ 10 ಮಿಲಿಆಂಪ್‌ನಷ್ಟಾದರೂ ಎಳೆಯುತ್ತಿರಬೇಕು. ಎಳೆಯದಿದ್ದರೆ ಅರ್ಧ ಸೆಕೆಂಡೂ ಕಾಯದೆ ಸ್ವಿಚ್ಚು ಪೋರ್ಟಿನ ಕರೆಂಟ್ ನಿಲ್ಲಿಸಿಬಿಡುತ್ತೆ. ಮತ್ತೆ ಕೊಡಬೇಕೆಂದರೆ ಆಚೆ ಇರುವುದು ಪಿಒಇ ಸಾಧನವೇ, ಎಷ್ಟು ವ್ಯಾಟ್ ಬೇಕು ಎಂದು ಮೊದಲಿಂದ ವಿಚಾರಿಸುತ್ತೆ. ಇದಕ್ಕೆ ಒಂದು ಸೆಕೆಂಡಿನ ಆಸುಪಾಸು ಹಿಡಿಯುತ್ತೆ. ಅಷ್ಟರಲ್ಲಿ ಆಕ್ಸೆಸ್ ಪಾಯಿಂಟ್ ಪೂರ್ತಿ ಆರಿರುತ್ತೆ, ಮತ್ತೆ ಬೂಟ್ ಆಗಬೇಕು. ಪಿಒಇಗೇ ಮೊದಲ ಆದ್ಯತೆ ಕೊಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಅಡಾಪ್ಟರಿಗೆ ಇಂಥ ವಿಚಾರಣೆ ಇಲ್ಲ. ಚುಚ್ಚಿದ್ದರೆ ಕರೆಂಟ್ ಸದಾ ಸಿದ್ಧ.

ನನಗೆ ಸಿಟ್ಟು ಬಂದಿದ್ದು ಇಲ್ಲೇ. ಮ್ಯಾನುಯಲ್‌ನಲ್ಲಿ "ಪಿಒಇ ಅಥವಾ ಡಿಸಿ" (ಡಿಸಿ ಅಂದರೆ ಅಡಾಪ್ಟರ್) ಎಂದು ಒಂದು ಸಾಲು ಇದೆ, ಅಷ್ಟೆ. ಎರಡೂ ಇದ್ದರೆ ಯಾವುದು ಗೆಲ್ಲುತ್ತೆ ಅಂತ ಎಲ್ಲೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಬದಲಿಸುವ ದಾರಿಯೂ ಇಲ್ಲ. ಕೊಳ್ಳುವವನಿಗೆ ಮೊದಲು ಹೇಳಬೇಕಾದ ಮಾತು ಇದು.

ಇನ್ವರ್ಟರ್ ಲೈನನ್ನು ಮೇಲಕ್ಕೆ ಎಳೆದು ಅಡಾಪ್ಟರನ್ನು ಅದಕ್ಕೇ ಹಾಕಬಹುದಿತ್ತು. ವೈರಿಂಗ್‌ಗೆ ಕೇಳಿದ ದುಡ್ಡು ಡಬ್ಬಿಯ ಅರ್ಧ ಬೆಲೆಯಷ್ಟಿತ್ತು. ಹಾಗಾಗಿ ಅಡಾಪ್ಟರನ್ನೇ ತೆಗೆದು ಮೊಳೆಗೆ ನೇತುಹಾಕಿದೆ. ಆರು ತಿಂಗಳಾಯಿತು, ಕರೆಂಟ್ ಹೋದರೆ ಈಗ ವೈಫೈಗೆ ಗೊತ್ತೇ ಆಗುವುದಿಲ್ಲ. ಸ್ವಿಚ್ಚಿನ ಸೆಟ್ಟಿಂಗ್ಸ್ ಪುಟದಲ್ಲಿ ಈ ಡಬ್ಬಿ ಎಳೆಯುವುದು 6 ವ್ಯಾಟ್ ಆಸುಪಾಸು ಎಂದು ತೋರಿಸುತ್ತೆ. ಹಳೆಯ ಪಿಒಇ ಕೂಡ ಸಾಧನಕ್ಕೆ 12.95 ವ್ಯಾಟ್ ತಲುಪಿಸುತ್ತೆ, ಚಿಂತೆಯಿಲ್ಲ.

ಎಣಿಸದೇ ಇದ್ದ ಸುಖ ಇನ್ನೊಂದು ಸಿಕ್ಕಿತು. ಬೆಳಿಗ್ಗೆ ಚಹಾ ಕುಡಿಯುತ್ತಾ ಜಗುಲಿಯಲ್ಲಿ ಕೂತು ಫೋನಿನಲ್ಲೇ ಆ ಪೋರ್ಟಿನ ಪಿಒಇ ಆಫ್ ಮಾಡಿ ಆನ್ ಮಾಡುತ್ತೇನೆ. ಮೇಲಿನ ಡಬ್ಬಿ ಹೊಸದಾಗಿ ಶುರುವಾಗುತ್ತೆ. ಏಣಿ ಬೇಡ, ಮೆಟ್ಟಿಲೂ ಬೇಡ. ಅಡಾಪ್ಟರ್ ಇದ್ದಾಗ ಇದು ಸಾಧ್ಯವೇ ಇರಲಿಲ್ಲ. ವೈಫೈ ಅಂತೂ ಅಡಿಕೆ ಒಣಗಿಸುವ ಅಂಗಳದ ತನಕ ಗಟ್ಟಿಯಾಗಿ ಬರುತ್ತೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ತಗೊಳ್ಳುವವರು ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಎರಡನ್ನೂ ಚುಚ್ಚಿ, ಪಿಂಗ್ (ಡಬ್ಬಿ ಉತ್ತರ ಕೊಡುತ್ತಿದೆಯೇ ಎಂದು ಸೆಕೆಂಡಿಗೊಮ್ಮೆ ಕೇಳುವ ಪರೀಕ್ಷೆ) ಹಾಕಿಟ್ಟು, ಎರಡೂ ಕಡೆಯ ಕರೆಂಟನ್ನು ಒಂದೊಂದಾಗಿ ನಿಲ್ಲಿಸಿ ನೋಡಿ. ಕೇಬಲ್ ಕಡೆಯ ಕರೆಂಟ್ ನಿಲ್ಲಿಸಿದಾಗ ನನ್ನದರಲ್ಲಿ ಒಂದು ಪಿಂಗೂ ತಪ್ಪಲಿಲ್ಲ. ಅಡಾಪ್ಟರ್ ಕಿತ್ತಾಗ 94 ತಪ್ಪಿದವು.